ಪೆರೋನಿ ಕಾಯಿಲೆ: ಯಾರಿಗೆ ಯಾವ ಆಪರೇಷನ್?

ಐವತ್ತರ ಆಸುಪಾಸಿನ ಗಂಡಸಿಗೆ ನಿಮಿರಿದಾಗ ಶಿಶ್ನ ಒಂದು ಕಡೆಗೆ ಬಾಗತೊಡಗಿತು, ಮುಟ್ಟಿದರೆ ಒಳಗೊಂದು ಗಟ್ಟಿ ಗಂಟು. ಕ್ಯಾನ್ಸರ್ ಇರಬಹುದೇ ಎಂದು ಹೆದರುತ್ತಾರೆ, ಹೆಂಡತಿಗೂ ಹೇಳುವುದಿಲ್ಲ. ಕೊನೆಗೆ ಬಸ್ ನಿಲ್ದಾಣದ ಗೋಡೆಯ ‘ಗುಪ್ತರೋಗ’ ಚೀಟಿಯ ನಂಬರಿಗೆ ಫೋನ್ ಮಾಡುತ್ತಾರೆ. ಇದು ಬಹುಮಟ್ಟಿಗೆ ಪೆರೋನಿ ಕಾಯಿಲೆ. ಕ್ಯಾನ್ಸರೂ ಅಲ್ಲ, ಅಂಟುವಂಥದ್ದೂ ಅಲ್ಲ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಶಸ್ತ್ರವೈದ್ಯ ಲಾ ಪೆರೋನಿ 1743ರಲ್ಲೇ ಇದನ್ನು ವಿವರಿಸಿದ್ದ. ನಿಮಿರುವಾಗ ರಕ್ತ ತುಂಬುವ ಭಾಗದ ಸುತ್ತ ಹಿಗ್ಗುವ ಪೊರೆಯೊಂದಿದೆ. ಅದಕ್ಕೆ ಬಿದ್ದ ಸಣ್ಣಪುಟ್ಟ ಪೆಟ್ಟು ಮಾಯುವಾಗ ಕಲೆ ಗಟ್ಟಿಯಾಗಿ ಉಳಿದರೆ ಅಷ್ಟು ಜಾಗ ಹಿಗ್ಗದು, ಅಂಗ ಆ ಕಡೆಗೆ ಬಾಗುತ್ತದೆ.

ಆಪರೇಷನ್ನಿಗೆ ಅವಸರ ಬೇಡ. ನೋವು ನಿಂತು, ಬಾಗು ಕನಿಷ್ಠ 3ರಿಂದ 6 ತಿಂಗಳು ಹೆಚ್ಚೂ ಕಡಿಮೆಯೂ ಆಗದೆ ಇರಬೇಕು. ಬಾಗಿದ್ದರೂ ದಾಂಪತ್ಯಕ್ಕೆ ಅಡ್ಡಿಯಿಲ್ಲವೆಂದರೆ ಕತ್ತರಿಯೇ ಬೇಡ.

ಆಪರೇಷನ್ ಬೇಕೆಂದಾಗ ಎಲ್ಲವೂ ನಿಂತಿರುವುದು ಗಡಸುತನ ಸಾಕಷ್ಟು ಉಳಿದಿದೆಯೇ ಎಂಬುದರ ಮೇಲೆ. ಯೂರಾಲಜಿಸ್ಟ್ ಇಂಜೆಕ್ಷನ್ ಕೊಟ್ಟು ನಿಮಿರಿಸಿ ಬಾಗನ್ನು ಅಳೆಯುತ್ತಾರೆ, ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತದ ಹರಿವು ನೋಡುತ್ತಾರೆ. ಗಡಸುತನ ಚೆನ್ನಾಗಿದ್ದು ಬಾಗು ಸುಮಾರು 60 ಡಿಗ್ರಿಯೊಳಗಿದ್ದರೆ, ಟೈಲರ್ ಬಟ್ಟೆಗೆ ಟಕ್ ಹಿಡಿಯುವ ಹಾಗೆ ಎದುರು ಬದಿಯ ಪೊರೆಗೆ ನೆರಿಗೆ ಹಿಡಿದು ಹೊಲಿಯುತ್ತಾರೆ. ಸಂಗತಿ ಇಷ್ಟೇ: ಉದ್ದ ಬದಿಯನ್ನು ಗಿಡ್ಡ ಬದಿಗೆ ಸರಿಹೊಂದಿಸುವುದು. ಆದ್ದರಿಂದ ಉದ್ದ ಒಂದಿಷ್ಟು ಕಡಿಮೆಯಾಗಿಯೇ ಆಗುತ್ತದೆ. ಆಮೇಲೆ ಬರುವ ಅಸಮಾಧಾನ ಹೆಚ್ಚಾಗಿ ಇದರದ್ದೇ. ಕಾಯಿಲೆಯೇ ಮೊದಲು ಸ್ವಲ್ಪ ಉದ್ದ ನುಂಗಿರುತ್ತದೆ ಎಂಬುದನ್ನು ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ.

ಬಾಗು ತೀರಾ ಹೆಚ್ಚಿದ್ದರೆ, ನಡು ಕಿರಿದಾಗಿದ್ದರೆ, ಕಲೆಯನ್ನು ಸೀಳಿ ರಕ್ತನಾಳದ ತುಂಡನ್ನೋ ಬೇರೆ ಪೊರೆಯನ್ನೋ ಕಸಿ ಮಾಡುತ್ತಾರೆ. ಉದ್ದ ಹೆಚ್ಚು ಉಳಿಯುತ್ತದೆ. ಆದರೆ ಗಡಸುತನ ಕುಗ್ಗುವ, ತುದಿ ಜೋಮು ಹಿಡಿಯುವ ಅಪಾಯವೂ ಹೆಚ್ಚು.

ಮಾತ್ರೆಗೂ ಗಡಸುತನ ಬಾರದವರಿಗೆ (ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ) ನೇರ ಮಾಡುವುದರಿಂದಷ್ಟೇ ಪ್ರಯೋಜನವಿಲ್ಲ. ಒಳಗೆ ಇಂಪ್ಲಾಂಟ್ ಕೂರಿಸಬೇಕು. ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ಸಿಲಿಕೋನ್ ಇಂಪ್ಲಾಂಟ್ ವಿದೇಶದ ಪಂಪಿನ ಮಾದರಿಗಿಂತ ಅಗ್ಗ. ಒಮ್ಮೆ ಕೂರಿಸಿದ ಮೇಲೆ ಸಹಜ ನಿಮಿರುವಿಕೆಗೆ ಮರಳುವ ದಾರಿಯಿಲ್ಲ. ಸ್ಪರ್ಶಸುಖ ಸಾಮಾನ್ಯವಾಗಿ ಉಳಿಯುತ್ತದೆ.

ಬೆಂಗಳೂರಿನಲ್ಲಿ ಹೆಬ್ಬಾಳ, ಯಲಹಂಕ, ಯಶವಂತಪುರದ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಯೂರಾಲಜಿ ವಿಭಾಗಗಳಿವೆ. ಸರ್ಕಾರಿ ಆಸ್ಪತ್ರೆಯೇ ಬೇಕೆಂದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ನೆಫ್ರೋ ಯೂರಾಲಜಿ ಸಂಸ್ಥೆಯಿದೆ. ಯಶವಂತಪುರದಲ್ಲಿ ಮೆಟ್ರೋ ಹತ್ತಿದರೆ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರಾಯಿತು. ಹೋಗುವಾಗ ಹೆಂಡತಿಯನ್ನೂ ಕರೆದೊಯ್ಯಿರಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎಷ್ಟು ಉದ್ದ ಕಡಿಮೆಯಾಗುತ್ತದೆ, ಗಡಸುತನ ಉಳಿಯುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ.