ಪಳಗಿದವರಿಗಷ್ಟೇ ಪ್ರವೇಶವೇ?

ಅಮೆರಿಕದ ಕಾಲೇಜಿನ ಅಂಗಣವು ಟೆನಿಸಿಗೆ ಆರ್ಥರ್ ಆಶ್‌ರಂಥವರನ್ನು ಕೊಟ್ಟಿತು. 1965ರಲ್ಲಿ ಅಂತರಕಾಲೇಜು ಪ್ರಶಸ್ತಿ ಗೆದ್ದ ಅವರು 1975ರಲ್ಲಿ ವಿಂಬಲ್ಡನ್ನನ್ನೂ ಗೆದ್ದರು. ನಮ್ಮ ಸೋಮ್‌ದೇವ್ ದೇವವರ್ಮನ್ ವರ್ಜೀನಿಯಾದ ವಿದ್ಯಾರ್ಥಿಯಾಗಿ 2007 ಮತ್ತು 2008ರಲ್ಲಿ ಅದೇ ಪ್ರಶಸ್ತಿಯನ್ನು ಪಡೆದರು. ಈಗ ಅಲ್ಲಿನ ಮೊದಲ ದರ್ಜೆಯ ತಂಡಗಳಲ್ಲಿ ಪರದೇಶೀಯರೇ ಹೆಚ್ಚು. ‘ನಮ್ಮ ಮಕ್ಕಳಿಗೆ ಸ್ಥಳವೆಲ್ಲಿ?’ ಎಂಬುದು ಅಲ್ಲಿನ ತಾಯಿತಂದೆಯರ ಕೊರಗು.

ಹಿಂದೆ ಪುರುಷರ ತಂಡವೊಂದಕ್ಕೆ ಇದ್ದುದು 4½ ವಿದ್ಯಾರ್ಥಿವೇತನ; ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕಿತ್ತು. 2025ರಲ್ಲಿ ನ್ಯಾಯಾಲಯ ಮಾನ್ಯ ಮಾಡಿದ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 10 ಮಂದಿಯನ್ನು ಮೀರಬಾರದೆಂಬ ಮಿತಿ ಬಂದಿದೆ. ಹಣದ ಗಂಟು ಸಡಿಲವಾಯಿತು, ಬಾಗಿಲು ಕಿರಿದಾಯಿತು. ಆಗ ತರಬೇತುದಾರನ ಕಣ್ಣು ಪಳಗಿದ ಕೈಯನ್ನೇ ಅರಸುವುದು ಸಹಜ. ಆದರೆ ಕಲಿಸುವ ಮನೆಯೇ ಕಲಿತವನನ್ನು ಹುಡುಕಹೊರಟರೆ, ವಾಚಕರೇ, ಕಲಿಯಬೇಕಾದವನು ಯಾರ ಬಾಗಿಲು ತಟ್ಟಬೇಕು?