ದಿನಬಳಕೆಗೆ ಹಳೆಯ ಸ್ಪೋರ್ಟ್ಸ್ ಕಾರು: ಒಂದು ವರ್ಷದ ಜಮಾ-ಖರ್ಚು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಅಂಗಡಿ, ಬಾಕಿ ವಸೂಲಿ, ಮಕ್ಕಳ ಓದು, ಮನೆಯ ಖರ್ಚು ಇಂಥ ವಿಷಯಗಳನ್ನು. ಈ ತಿಂಗಳು ಒಂದು ಕಾರಿನ ಬಗ್ಗೆ ಬರೆಯುತ್ತಿದ್ದೇವೆ. ಅದೂ ಎರಡೇ ಸೀಟಿನ, ಇಪ್ಪತ್ತು ವರ್ಷ ದಾಟಿದ, ಅತಿ ವೇಗದ ಕಾರು. ನಮಗೇಕೆ ಈ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಓದಿ ಮುಗಿಸಿದ ಮೇಲೆ ಇದೂ ಮನೆಯ ಖರ್ಚಿನ, ಮನೆಯ ನೆಮ್ಮದಿಯ ವಿಷಯವೇ ಎಂದು ತಮಗೆ ತೋರೀತು.

ನಮ್ಮ ಅಣ್ಣನವರು ಮೈಸೂರು ಬಿಟ್ಟು ಬಟ್ಟೆ ವ್ಯಾಪಾರಕ್ಕಾಗಿ ಕರುಮತ್ತಂಪಟ್ಟಿಯಲ್ಲಿ ನೆಲೆ ನಿಂತವರು. ಕೊಯಮತ್ತೂರಿನಿಂದ ಅವಿನಾಶಿ, ಸೇಲಂ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರು ಅದು. ಪಕ್ಕದ ಸೋಮನೂರಿನ ಮಗ್ಗಗಳ ಸದ್ದು, ಆಚೆ ತಿರುಪ್ಪೂರಿನ ಬನಿಯನ್ ವ್ಯಾಪಾರ. ಆ ಭಾಗದ ದೇವಾಂಗ ನೇಕಾರರ ಮನೆಗಳಲ್ಲಿ ಈಗಲೂ ಕನ್ನಡ ಕೇಳಿಬರುವುದರಿಂದ ನಮ್ಮವರಿಗೆ ಪರಸ್ಥಳ ಎನ್ನಿಸಲಿಲ್ಲ. ಮನೆಯೂ ಗೋಡೌನೂ ಕರುಮತ್ತಂಪಟ್ಟಿಯಲ್ಲಿ, ಆಫೀಸು ತಿರುಪ್ಪೂರಿನಲ್ಲಿ. ಒಂದು ಕಡೆಗೆ ಸುಮಾರು 25 ಕಿ.ಮೀ.

ಅಣ್ಣನವರು ಜೀವಮಾನದಲ್ಲಿ ಮಾಡಿದ ಒಂದೇ ಒಂದು ದುಂದು ಈ ಕಾರು. 2004ರಲ್ಲಿ ನೋಂದಣಿಯಾದ ವಿದೇಶಿ ಗಾಡಿ. ಕಂಪನಿಯ ಹೆಸರು ಇಲ್ಲಿ ಬೇಡ. ಭಾನುವಾರ ಬೆಳಿಗ್ಗೆ ಒಂದು ಸುತ್ತು ಓಡಿಸಿ, ಒರೆಸಿ, ಹೊದಿಕೆ ಹೊದಿಸುತ್ತಿದ್ದರು. 2022ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ಗೋಡೌನಿನ ಮೂಲೆ ಸೇರಿತು. 2024ರ ಬೇಸಿಗೆಯಲ್ಲಿ ಅವರ ಮಗ ಫೋನು ಮಾಡಿದ. "ಚಿಕ್ಕಪ್ಪ, ಅಮ್ಮ ಅಪ್ಪಾಜಿಯ ಕಾರನ್ನು ಮಾರು ಅಂತಾರೆ. ನಾನು ಅದನ್ನೇ ದಿನಾ ತಿರುಪ್ಪೂರಿಗೆ ಓಡಿಸ್ತೀನಿ ಅಂತೀನಿ. ನೀವೇ ಬಂದು ಹೇಳಿ." ಹಿಂದಿನಿಂದ ಅತ್ತಿಗೆಯವರ ದನಿ: "ಮನೇಲಿ ಒಬ್ಬರನ್ನ ಕಳಕೊಂಡದ್ದು ಸಾಲದಾ ಅಂತ ಕೇಳಿ ಅವನನ್ನ."

ದಿಂಬಂ ಘಾಟಿಯ 27 ತಿರುವು ಇಳಿದು ನಾವು ಹೋದೆವು. ಇಬ್ಬರ ಮಾತನ್ನೂ ಕೇಳಿದೆವು. ಹುಡುಗನಿಗೆ ಆ ಸ್ಟಿಯರಿಂಗ್ ಹಿಡಿದರೆ ತಂದೆಯ ಕೈ ಹಿಡಿದಂತೆ. ತಾಯಿಗೆ ಆ ಕಾರಿನ ಸದ್ದೇ ಭಯ. ಇಬ್ಬರದೂ ಸುಳ್ಳಲ್ಲ. ಇಂಥಲ್ಲಿ ತೀರ್ಪು ಹೇಳುವುದಕ್ಕಿಂತ ಲೆಕ್ಕ ತೆರೆಯುವುದು ಮೇಲೆಂದು ನಮಗೆ ಅನ್ನಿಸಿತು. ದೀಪಾವಳಿಯಿಂದ ದೀಪಾವಳಿಗೆ ಒಂದು ವರ್ಷ ಪರೀಕ್ಷೆ. ಪ್ರತಿ ಖರ್ಚೂ ಪುಸ್ತಕಕ್ಕೆ ಏರಬೇಕು. ವರ್ಷದ ಕೊನೆಗೆ ಪುಸ್ತಕ ಅತ್ತಿಗೆಯವರ ಮುಂದಿಡಬೇಕು, ಅವರು ಹೇಳಿದಂತೆ ಆಗಬೇಕು.

ವೇಗದ ಕಾರನ್ನು ದಿನಬಳಕೆಗೆ ಇಟ್ಟುಕೊಳ್ಳುವುದು ಹುಚ್ಚುತನವೇನಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಜರ್ಮನಿಯ ಪೋರ್ಷೆ 911 ಕಾರು 1963ರಲ್ಲಿ ಮೊದಲು ಕಾಣಿಸಿಕೊಂಡಾಗಿನಿಂದ ಅದನ್ನು ಕೆಲಸಕ್ಕೆ ಹೋಗಿಬರಲು ಬಳಸಿದವರು ಬಹಳ. ಜಪಾನಿನ ಹೋಂಡಾ ಕಂಪನಿ 1990ರಲ್ಲಿ ಎನ್‌ಎಸ್‌ಎಕ್ಸ್ ಎಂಬ ಅಲ್ಯೂಮಿನಿಯಂ ಮೈಯ ಕಾರನ್ನು ಹೊರತಂದಾಗ, ಸುತ್ತ ಚೆನ್ನಾಗಿ ಕಾಣಬೇಕು, ಊರೊಳಗೆ ಸುಲಭವಾಗಿ ಓಡಬೇಕು ಎಂಬುದನ್ನೇ ಗುರಿ ಮಾಡಿಕೊಂಡಿತ್ತು. ಮೆಕ್‌ಲಾರೆನ್ ಎಫ್1 ಕಾರನ್ನು ರೂಪಿಸಿದ ಗೋರ್ಡನ್ ಮರ್ರೆ ತಾವೇ ಒಂದು ಎನ್‌ಎಸ್‌ಎಕ್ಸ್ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸಿದರು. ಆದರೆ ಇಪ್ಪತ್ತು ವರ್ಷ ಹಳೆಯದಾದ ಮೇಲೆ, ನಮ್ಮ ರಸ್ತೆ, ನಮ್ಮ ಬಿಸಿಲು, ನಮ್ಮ ಪೆಟ್ರೋಲಿನಲ್ಲಿ ಅದು ಹೇಗೆ ನಡೆದೀತು ಎಂಬುದು ಬೇರೆ ಪ್ರಶ್ನೆ.

ಮೊದಲ ಪಾಠ ಹೊದಿಕೆ ತೆಗೆದಾಗಲೇ ಆಯಿತು. ಎರಡು ವರ್ಷ ನಿಂತ ಕಾರು ಓಡಿದ ಕಾರಿಗಿಂತ ಹೆಚ್ಚು ಕೆಟ್ಟಿತ್ತು. ಬ್ಯಾಟರಿ ಸತ್ತಿತ್ತು, ಟ್ಯಾಂಕಿನ ಪೆಟ್ರೋಲು ಹಳಸಿತ್ತು, ರಬ್ಬರಿನ ಸೀಲುಗಳು ಒಣಗಿ ಬಿರಿದಿದ್ದವು. ಎಂಜಿನ್ನಿನ ಪಕ್ಕ ಇಲಿಗಳು ಗೂಡು ಕಟ್ಟಿ ವೈರುಗಳನ್ನು ಕಡಿದಿದ್ದವು. ಗ್ಯಾರೇಜಿನವರು ಪಾಷಾಣ ಇಡಿ ಎಂದರು. ಅದು ನಮ್ಮ ಮನೆತನಕ್ಕೆ ಒಗ್ಗದ ಮಾತು. ಕಾಳಿನ ಚೀಲಗಳನ್ನು ದೂರ ಸರಿಸಿ, ಗಾಳಿ ಹೋಗುವ ಬಾಯಿಗೆ ತಂತಿ ಬಲೆ ಹಾಕಿಸಿದೆವು. ದಿನಾ ಓಡಲು ಶುರುವಾದ ಮೇಲೆ ಇಲಿಗಳು ಆ ಕಡೆ ಸುಳಿಯಲಿಲ್ಲ.

ಸೀಟು ಚರ್ಮದ್ದು. ಅಣ್ಣನವರು ಅದರ ಮೇಲೆ ಒಂದು ಪಂಚೆ ಹಾಸಿಯೇ ಕೂರುತ್ತಿದ್ದರು. ಮಗ ಚರ್ಮವನ್ನು ತೆಗೆಸಿ ಸೋಮನೂರಿನ ದಪ್ಪ ಹತ್ತಿ ಬಟ್ಟೆ ಹೊಲಿಸಿದ. ಹೀಗೆ ಮಾಡಿಸುವವರು ಒಂದು ಎಚ್ಚರಿಕೆ ಇಡಬೇಕು. ಕೆಲವು ಕಾರುಗಳಲ್ಲಿ ಬದಿಯ ಏರ್‌ಬ್ಯಾಗ್ ಸೀಟಿನೊಳಗೇ ಇರುತ್ತದೆ. ಅದು ಬಿಚ್ಚಿಕೊಳ್ಳಲು ಅಡ್ಡಿಯಾಗದಂತೆ, ತಿಳಿದವರ ಕೈಯಲ್ಲೇ ಹೊಲಿಸಬೇಕು.

ಟಯರುಗಳು ನೋಡಲು ಹೊಸದರಂತಿದ್ದವು. ಅವುಗಳ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಓದಿದರೆ ಹನ್ನೊಂದು ವರ್ಷ ಹಳೆಯವು. ಹಲ್ಲು ಸವೆಯದಿದ್ದರೂ ರಬ್ಬರು ಗಟ್ಟಿಯಾಗಿ ಹಿಡಿತ ಬಿಡುತ್ತದೆ. ನಾಲ್ಕನ್ನೂ ಬದಲಿಸಿದೆವು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವಂಥದು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದನ್ನೂ, ನೀರಿನ ಪೈಪುಗಳನ್ನೂ ಹೊಸದು ಮಾಡಿಸಿದೆವು.

ಇನ್ನು ಪೆಟ್ರೋಲು. 2023ರಿಂದ ಹಂತಹಂತವಾಗಿ ಬಂದ, ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದ ಬಹುತೇಕ ಬಂಕುಗಳಿಗೆ ತಲುಪಿತು. ಎಥೆನಾಲ್ ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಆದ್ದರಿಂದ ಇಂಧನದ ಪೈಪುಗಳನ್ನು ಎಥೆನಾಲ್ ತಾಳುವ ಜಾತಿಯವಾಗಿ ಬದಲಿಸುವುದು ಕಡ್ಡಾಯ. ಒಣಗಿದ ಪೈಪಿನಿಂದ ಒಂದು ಹನಿ ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಕಾರು ಹತ್ತಿಕೊಳ್ಳಬಹುದು. ದಿನಬಳಕೆಯಲ್ಲಿ ಇಲ್ಲೂ ಒಂದು ಅನುಕೂಲವಿದೆ. ಟ್ಯಾಂಕು ವಾರಕ್ಕೊಮ್ಮೆ ಖಾಲಿಯಾಗಿ ತುಂಬುವುದರಿಂದ ಪೆಟ್ರೋಲು ಹಳಸುವುದಿಲ್ಲ.

ಕಾಗದಪತ್ರವೂ ಸಣ್ಣ ವಿಷಯವಲ್ಲ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಗಾಡಿ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಆಮದು ಕಾರಿಗೆ ಈ ಶುಲ್ಕ 2022ರಿಂದ 40,000 ರೂ. ನಾವು 2024ರಲ್ಲಿ ಅಷ್ಟು ಕಟ್ಟಿದೆವು. 2025ರ ಆಗಸ್ಟಿನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಆಮದು ಕಾರಿಗೆ ಅದು 80,000 ಆಯಿತು, ಸಾಧಾರಣ ಕಾರಿಗೆ 10,000. ತಮಿಳುನಾಡಿನ ಹಸಿರು ತೆರಿಗೆ ಬೇರೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತೆಯೇ ಇಲ್ಲ.

ಎಲ್ಲ ಸೇರಿ ಕಾರು ರಸ್ತೆಗೆ ಇಳಿಯುವ ಮುನ್ನವೇ 4,60,000 ರೂ. ಖರ್ಚಾಯಿತು. ಅತ್ತಿಗೆಯವರು ಪುಸ್ತಕ ನೋಡಿ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಹುಡುಗನಿಗೆ ನಾಟಿತು.

ಇನ್ನು ವೇಗದ ಮಾತು. ಕೊಯಮತ್ತೂರಿನ ನೀರಿನಲ್ಲೇ ಕಾರಿನ ಹುಚ್ಚಿದೆ. ಗಿರಣಿ ಮನೆತನದಲ್ಲಿ ಹುಟ್ಟಿದ ಕರಿವರ್ಧನ್ ಅವರು ಮಾರುತಿ ಎಂಜಿನ್ ಇಟ್ಟು ಕಡಿಮೆ ಖರ್ಚಿನ ರೇಸ್ ಕಾರುಗಳನ್ನು ಕಟ್ಟಿ, ಸಾಧಾರಣ ಮನೆಯ ಹುಡುಗರಿಗೂ ಆ ಆಟವನ್ನು ಎಟಕಿಸಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ 2003ರಿಂದ ಚೆಟ್ಟಿಪಾಳಯದಲ್ಲಿದೆ. 2005ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಅದೇ ಊರಿನವರು. ಹುಡುಗನಿಗೆ ನಾವು ಇದನ್ನೇ ಹೇಳಿದೆವು. "ನಿನಗೆ ಓಡಿಸುವ ಆಸೆ ಇದ್ದರೆ ಅದಕ್ಕೆಂದೇ ಕಟ್ಟಿದ ಜಾಗ ಇದೆ, ಅಲ್ಲಿ ಹೋಗಿ ಕಲಿ. ಹೆದ್ದಾರಿಯಲ್ಲಿ ಎದುರಿಗೆ ಬರುವವನು ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವನು. ಅವನಿಗೆ ನಿನ್ನ ಕಾರಿನ ಕುದುರೆಶಕ್ತಿ ಗೊತ್ತಿಲ್ಲ."

ಹುಡುಗ ಒಪ್ಪಿದ. ಆದರೂ ಕಾರ್ತಿಕ ಮುಗಿದು ಹಗಲು ಗಿಡ್ಡವಾದ ಮೇಲೆ ಒಂದು ಸಂಗತಿ ಬಯಲಾಯಿತು. ನಮ್ಮ ಮನೆಗಳಲ್ಲಿ ಸೂರ್ಯಾಸ್ತದ ಒಳಗೆ ಊಟ. ಆಫೀಸು ಬಿಡುವುದು ಐದೂವರೆ. ಆರು ಗಂಟೆಗೆ ಕತ್ತಲು. ತಾಯಿ ತಟ್ಟೆ ಹಾಕಿಕೊಂಡು ಕಾಯುತ್ತಾರೆಂದು ಇವನು ಅವಿನಾಶಿಯ ಆಚೆ ಕಾರು ಬಿಡುತ್ತಿದ್ದ. ಸಣ್ಣ ಕಾರಿನಲ್ಲಿ ಆಗದ ಕೆಲಸ ಈ ಕಾರಿನಲ್ಲಿ ಆಗುತ್ತಿತ್ತು. ಒಂದು ಸಂಜೆ ಅಡ್ಡ ಬಂದ ಮೊಪೆಡ್ಡಿನವರೊಬ್ಬರು ಕೂದಲೆಳೆಯಲ್ಲಿ ಪಾರಾದರು. ಹುಡುಗ ಮನೆಗೆ ಬಂದು ಕೈ ನಡುಗುತ್ತ ತಾಯಿಗೆ ತಾನೇ ಹೇಳಿದ. ಮುಚ್ಚಿಡಲಿಲ್ಲ, ಅದು ದೊಡ್ಡದು.

ಅತ್ತಿಗೆಯವರು ಕಾರು ಮಾರು ಎನ್ನಲಿಲ್ಲ. ಮರುದಿನದಿಂದ ಬೆಳಿಗ್ಗೆಯ ಡಬ್ಬಿಯ ಜೊತೆ ಸಂಜೆಯ ಡಬ್ಬಿಯನ್ನೂ ಕಟ್ಟಿದರು. "ಐದಕ್ಕೆ ಆಫೀಸಿನಲ್ಲೇ ಉಂಡುಬಿಡು. ಆಮೇಲೆ ಏಳಕ್ಕೆ ಬಾ, ಎಂಟಕ್ಕೆ ಬಾ, ನಾನು ಕೇಳಲ್ಲ." ತಾನು ಕಾಯುವುದೇ ಮಗನ ಕಾಲಿಗೆ ಆಕ್ಸಿಲರೇಟರ್ ಆಗಿತ್ತು ಎಂದು ಆ ತಾಯಿ ಕಂಡುಕೊಂಡರು. 2025ರಲ್ಲಿ ಅವಿನಾಶಿ ರಸ್ತೆಯಲ್ಲಿ ಹತ್ತು ಕಿ.ಮೀ. ಉದ್ದದ ಜಿ. ಡಿ. ನಾಯುಡು ಮೇಲ್ಸೇತುವೆ ತೆರೆದಾಗ, ಕೊಯಮತ್ತೂರಿಗೆ ಹೋಗಿಬಂದ ಹುಡುಗ ಎಲ್ಲರಂತೆ ಫಲಕದ ಮಿತಿಯಲ್ಲೇ ಹೋದೆನೆಂದು ಹೇಳಿದ. ನಾವು ನಂಬಿದೆವು.

ದೀಪಾವಳಿಗೆ ಪುಸ್ತಕ ತೆರೆದೆವು. ಕೆಲಸದ ದಿನ 290. ಅದರಲ್ಲಿ ಈ ಕಾರು ಓಡಿದ್ದು 212 ದಿನ, 10,600 ಕಿ.ಮೀ. ಗ್ಯಾರೇಜಿನಲ್ಲಿ ಕೂತದ್ದು 34 ದಿನ. ಅದರಲ್ಲಿ 19 ದಿನ ಹೊರದೇಶದಿಂದ ಬರಬೇಕಾದ ಒಂದು ಸಣ್ಣ ಬಿಡಿಭಾಗಕ್ಕೆ ಕಾದದ್ದು. ಮಳೆ, ಸರಕು, ನೆಂಟರು ಎಂದು 44 ದಿನ ಮನೆಯ ಸಣ್ಣ ಕಾರೇ ಹೋಯಿತು. ಲೀಟರಿಗೆ 9 ಕಿ.ಮೀ.ನಂತೆ ಪೆಟ್ರೋಲಿಗೆ 1,19,000. ವಿಮೆ, ಎಣ್ಣೆ, ರಿಪೇರಿಗೆ 1,90,000. ಒಟ್ಟು 3,09,000, ಅಂದರೆ ಕಿ.ಮೀ.ಗೆ 29 ರೂ. ಸಣ್ಣ ಕಾರಿನಲ್ಲಿ ಅಷ್ಟೇ ದೂರ ಹೋಗಿದ್ದರೆ ಕಿ.ಮೀ.ಗೆ 10 ರೂ. ಒಳಗೆ ಮುಗಿಯುತ್ತಿತ್ತು. ಮೊದಲು ಹಾಕಿದ 4,60,000 ಇದರಲ್ಲಿ ಸೇರಿಲ್ಲ.

ಆದ್ದರಿಂದ, ಇಂಥ ಆಸೆ ಇರುವ ಮಕ್ಕಳ ತಂದೆತಾಯಿಗಳಿಗೆ ನಮ್ಮ ಮಾತು ಇಷ್ಟು. ಹಳೆಯ ವೇಗದ ಕಾರು ದಿನದ ಕಾರಾಗಬಲ್ಲದು, ಆದರೆ ಮನೆಯ ಒಂದೇ ಕಾರಾಗಬಾರದು. ಪಕ್ಕದಲ್ಲಿ ಇನ್ನೊಂದು ಸಾದಾ ಗಾಡಿ ಇದ್ದರೆ ಮಾತ್ರ ಈ ಕಾರು ಕೆಟ್ಟ ದಿನ ವ್ಯಾಪಾರ ಕೆಡುವುದಿಲ್ಲ, ಅವಸರದ ರಿಪೇರಿಯೂ ಆಗುವುದಿಲ್ಲ. ಕೊಳ್ಳುವ ಬೆಲೆ ನೋಡಿ ಅಗ್ಗವೆಂದು ಹಿಗ್ಗಬಾರದು, ಸಾಕುವ ಖರ್ಚು ಬೇರೆ ಖಾತೆ. ಆ ಖಾತೆಗೆ ಹಣ ವ್ಯಾಪಾರದ ಬಂಡವಾಳದಿಂದ ಹೋಗಬಾರದು, ಸಾಲದಿಂದಂತೂ ಹೋಗಲೇಬಾರದು. ಕೊಂಡ ಮೇಲೆ ಹೊದಿಸಿ ಇಡಬೇಡಿ, ಓಡಿಸಿ. ಓಡಿಸುವ ಹುಡುಗ ಏಕೆ ಅವಸರ ಪಡುತ್ತಾನೆ ಎಂಬುದನ್ನು ಮನೆಯವರೂ ಒಮ್ಮೆ ಯೋಚಿಸಿ.

ಅತ್ತಿಗೆಯವರು ಪುಸ್ತಕವನ್ನು ಎರಡು ಸಲ ಓದಿದರು. "ಅವರು ಇದರಲ್ಲಿ ಒಂದು ಸಲವೂ ನನ್ನನ್ನ ಕೂರಿಸಿಕೊಂಡು ಹೋಗಲಿಲ್ಲ. ನಾನೇ ಬರಲ್ಲ ಅಂದಿದ್ದೆ" ಎಂದರು. ಮರುದಿನ ಬೆಳಿಗ್ಗೆ ತಾಯಿ ಮಗ ಇಬ್ಬರೂ ಅದೇ ಹೆದ್ದಾರಿಯಲ್ಲಿ ನಲವತ್ತು ಚಿಲ್ಲರೆ ಕಿ.ಮೀ. ದೂರದ ವಿಜಯಮಂಗಲಕ್ಕೆ, ಚಂದ್ರಪ್ರಭ ಸ್ವಾಮಿಯ ಬಸದಿಗೆ ಹೋಗಿ ಬಂದರು. ಹೇಗಿತ್ತು ಎಂದು ನಾವು ಕೇಳಿದೆವು.

"ನೆಲಕ್ಕೆ ಬಹಳ ಹತ್ತಿರ. ಇಳಿಯುವಾಗ ಮಂಡಿ ನೋವು" ಎಂದರು ಅತ್ತಿಗೆ. ಸ್ವಲ್ಪ ಹೊತ್ತು ಬಿಟ್ಟು, "ಇರಲಿ, ಇನ್ನೊಂದು ವರ್ಷ ನೋಡೋಣ" ಎಂದರು. ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ಹುಡುಗ ಅಂದೇ ಬರೆದ: ವಿಜಯಮಂಗಲ, ಪೆಟ್ರೋಲು.

ಹಳೆಯ ಗಾಡಿಗಳನ್ನು ಹೀಗೆ ದಿನವೂ ಬಳಸುತ್ತಿರುವ ವಾಚಕರು ತಮ್ಮ ಅನುಭವವನ್ನು, ಸಾಧ್ಯವಾದರೆ ತಮ್ಮ ಲೆಕ್ಕವನ್ನೂ, ಬರೆದು ತಿಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಹಂಚಿಕೊಳ್ಳುತ್ತೇವೆ.