ಮುನ್ನೂರರ ಮಿತಿ ದಾಟಿ ಯೋಚಿಸಬೇಕಾದ ಕುದುರೆಮುಖ

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ನೆರೆದ ಜನಜಂಗುಳಿಯ ವಿಡಿಯೊ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಡೆ ಬಿತ್ತು. ಬಳಿಕ ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಒಳ್ಳೆಯದೇ. ಆದರೆ ತಲೆ ಎಣಿಸಿದ ಮಾತ್ರಕ್ಕೆ ಕಾಡು ಉಳಿಯುತ್ತದೆಯೇ?

ಸುಮಾರು 1,890 ಮೀಟರ್ ಎತ್ತರದ ಕುದುರೆಮುಖವನ್ನೇ ನೋಡಿ. ಮುಳ್ಳೋಡಿಯಿಂದ ಹೊರಟವರೆಲ್ಲ ಒಂದೇ ಸಾಲಿನಲ್ಲಿ ನೆತ್ತಿ ಮುಟ್ಟಿ, ಫೋಟೊ ತೆಗೆದು, ಸಂಜೆಯೊಳಗೆ ಇಳಿಯಬೇಕು. ಮಳೆಗಾಲದಲ್ಲಿ ಆ ಕಾಲುದಾರಿ ಕೆಸರಿನ ಕಾಲುವೆ. ಶೂ ಹೂತುಹೋಗುತ್ತದೆಂದು ಮುಂದಿನವನು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ, ಅವನ ಹಿಂದಿನವನು ಇನ್ನೂ ಒಂದು ಹೆಜ್ಜೆ ಆಚೆಗೆ. ಹೀಗೆ ದಾರಿ ಅಗಲವಾಗುತ್ತದೆ. ಬೇರು ಸತ್ತ ಹುಲ್ಲು ಮಣ್ಣು ಹಿಡಿದಿಡಲಾರದು. ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಬೀಳುತ್ತದೆ, ಕೆಂಪು ನೀರು ಹಳ್ಳಕ್ಕೆ ಇಳಿಯುತ್ತದೆ. ಭದ್ರೆಗೆ ಸೇರುತ್ತಿದ್ದ ಹೂಳೇ ಇಲ್ಲಿನ ಕಬ್ಬಿಣದ ಅದಿರು ಗಣಿಯ ವಿರುದ್ಧದ ದೊಡ್ಡ ವಾದವಾಗಿತ್ತು. ಸುಪ್ರೀಂ ಕೋರ್ಟ್‌ನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಚಾರಣಿಗರ ಕೆಸರನ್ನು ಗಣಿಗೆ ಹೋಲಿಸುವುದು ಅತಿಯಾದೀತು, ನಿಜ. ಆದರೂ ನದಿಗೆ ಮಣ್ಣಿನ ಲೆಕ್ಕವಷ್ಟೇ ಗೊತ್ತು, ಅದನ್ನು ಎಬ್ಬಿಸಿದವರ ಉದ್ದೇಶವಲ್ಲ.

ಎತ್ತರದ ಈ ಹುಲ್ಲುಗಾವಲನ್ನು ಬೋಳುಗುಡ್ಡ ಎಂದು ಭಾವಿಸುವುದರಲ್ಲೇ ಅರ್ಧ ಅನರ್ಥವಿದೆ. ಇಲ್ಲಿ ಕಡವೆ, ಕಾಟಿ ಮೇಯುತ್ತವೆ. ಕಣಿವೆಯ ಮಡಿಕೆಗಳಲ್ಲಿ ಗಿಡ್ಡ ಮರಗಳ ಶೋಲಾ ಕಾಡು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಕಪ್ಪೆಗಳು, ಹಳ್ಳದ ಬದಿಯಲ್ಲಿ ಮನುಷ್ಯರಂತೆ ಸಿಳ್ಳೆ ಹಾಕುವ ಸಿಳ್ಳಾರ. ಕೆಳಗಿನ ಮಳೆಕಾಡಿನಲ್ಲಿ ಸಿಂಗಳೀಕ. ಇವುಗಳಲ್ಲಿ ಯಾವುದೂ ಬ್ಲೂಟೂತ್ ಸ್ಪೀಕರ್ ಹೊತ್ತು ಬರುವ ಗುಂಪಿಗೆ ದರ್ಶನ ಕೊಡುವುದಿಲ್ಲ. ‘ಉಂಬಳ ಬಿಟ್ಟರೆ ಯಾವ ಪ್ರಾಣಿಯೂ ಕಾಣಲಿಲ್ಲ’ ಎಂದು ದೂರುವವರು ತಾವು ಎಷ್ಟು ಗದ್ದಲ ಮಾಡಿದ್ದೆವೆಂದು ಹೇಳುವುದಿಲ್ಲ.

ಚಾರಣವನ್ನೇ ನಿಲ್ಲಿಸಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕಾಡು ನೋಡದ ಪೇಟೆಯವರು ಕಾಡಿನ ಪರ ನಿಲ್ಲುವುದು ಕಷ್ಟ. ಜೀಪು, ಹೋಂಸ್ಟೇ, ಗೈಡ್ ಕೆಲಸದಿಂದ ಬದುಕುವ ಮನೆಗಳೂ ಅಲ್ಲಿವೆ. ರಾಷ್ಟ್ರೀಯ ಉದ್ಯಾನದೊಳಗಿನ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೊರಗೆ ಕಳಿಸುವ ಕೆಲಸ ವರ್ಷಗಳಿಂದ ನಡೆದಿದೆ. ಕಾಡು ಬಲ್ಲವರು ಹೊರಗೆ, ವಾರಾಂತ್ಯದವರು ಒಳಗೆ ಎಂಬಂತಾದರೆ ಅದಕ್ಕಿಂತ ವಿಪರ್ಯಾಸವಿಲ್ಲ.

ಬದಲಾಗಬೇಕಾದದ್ದು ನಡಿಗೆಯ ಸ್ವರೂಪ. ನೆತ್ತಿಯೊಂದನ್ನೇ ಮಾರುವುದನ್ನು ಬಿಟ್ಟು, ಶೋಲಾ ಅಂಚಿನವರೆಗಿನ ಸಣ್ಣ ದಾರಿಗಳನ್ನು ತೆರೆಯಬಹುದು. ಹತ್ತು ಜನರ ಗುಂಪು, ಹಕ್ಕಿ ಗುರುತಿಸಬಲ್ಲ ಸ್ಥಳೀಯ ಗೈಡ್, ಮುಂಜಾನೆಯ ಹೊತ್ತು ಇದ್ದರೆ ಸಾಕು. ವಾರದ ನಡುವೆ ಶುಲ್ಕ ಇಳಿಸಿದರೆ ಶನಿವಾರದ ಒತ್ತಡವೂ ತಗ್ಗೀತು. ಕಾಳ್ಗಿಚ್ಚಿಗೆ ಹೆದರಿ ಬೇಸಿಗೆಯಲ್ಲಿ ಚಾರಣ ಮುಚ್ಚುವ ಇಲಾಖೆ, ಹುಲ್ಲು ಕಿತ್ತುಹೋಗುವ ಜುಲೈ, ಆಗಸ್ಟ್‌ನಲ್ಲಿ ನೆತ್ತಿಯ ದಾರಿಗೂ ಅದೇ ಬೀಗ ಹಾಕಬೇಕು. ಆ ಎರಡು ತಿಂಗಳ ಸಂಪಾದನೆ ಕಳೆದುಕೊಳ್ಳುವ ಗೈಡ್‌ಗಳಿಗೆ ದಾರಿ ದುರಸ್ತಿಯ ಕೂಲಿಯನ್ನು ಚಾರಣದ ಶುಲ್ಕದಿಂದಲೇ ಕೊಡಬಹುದು.